ಫೋಟೊ ಕೈಬಿಟ್ಟು ಹೋದ ಮೇಲೆ

2018ರ ಜುಲೈ 13. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮಾತಿನೊಂದಿಗೆ ಅವರ ಚಿತ್ರ ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡಿತು. ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಜನ ದಾರಿ ಕಟ್ಟಿ ನಿಂತಿದ್ದರು. ಅಲ್ಲಿ ಆ ಗೆಳೆಯರಲ್ಲಿ ಒಬ್ಬ ಯುವಕನನ್ನು ಹೊಡೆದು ಕೊಂದರು. ಕಾಪಾಡಲು ಹೋದ ಪೊಲೀಸರಿಗೂ ಗಾಯಗಳಾದವು. ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ ಭಾರತಕ್ಕೆ ಪ್ರಕಟಿಸಿದ್ದು ಅದೇ ತಿಂಗಳು.

ಚಿತ್ರದಲ್ಲಿದ್ದ ಮುಖಗಳು ನಿಜ. ಜೊತೆಗೆ ಬಂದ ಮಾತು ಸುಳ್ಳು. ಫೋಟೊ ಒಮ್ಮೆ ಬೇರೆಯವರ ಕೈ ಸೇರಿದರೆ ಅದಕ್ಕೆ ಯಾವ ಮಾತು ಅಂಟುತ್ತದೆಂಬುದು ಅದರಲ್ಲಿರುವವರ ಹಿಡಿತದಲ್ಲಿಲ್ಲ.

ಫೋಟೊ ಹೇಳುವ ಸಂಗತಿಗಳು

ಇದೇ ಬೀದರ್ ಜಿಲ್ಲೆಯ ಕೊಡಂಬಲ, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ದುಡಿಮೆಗಾಗಿ ಹೈದರಾಬಾದ್, ಪುಣೆ ಸೇರಿದವರು ಬಹಳ. ತೊಟ್ಟಿಲು, ಮದುವೆ, ಜಾತ್ರೆಯ ಫೋಟೊ ಅವರಿಗೆ ಮುಟ್ಟಲೇಬೇಕು. ಆದರೆ ಅದೇ ಫೋಟೊ ಎಲ್ಲರಿಗೂ ಕಾಣುವಂತೆ ಇದ್ದರೆ? ಮನೆಮಂದಿಯೆಲ್ಲ ವೀರಭದ್ರೇಶ್ವರ ಜಾತ್ರೆಯಲ್ಲಿರುವ ಸ್ಟೇಟಸ್, ಮನೆಗೆ ಬೀಗ ಬಿದ್ದಿದೆ ಎಂದೂ ತಿಳಿಸುತ್ತದೆ. ಮಗುವಿನ ಸಮವಸ್ತ್ರದಿಂದ ಶಾಲೆ, ಗಾಡಿಯ ನಂಬರಿನಿಂದ ಮಾಲೀಕ ಗೊತ್ತಾಗಬಹುದು.

ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಇದ್ದರೆ, ತೆಗೆದ ಜಾಗದ ಅಕ್ಷಾಂಶ–ರೇಖಾಂಶ ಫೋಟೊ ಫೈಲಿನೊಳಗೇ ದಾಖಲಾಗುತ್ತದೆ. ಆ ಫೈಲನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ವಿವರವೂ ಜೊತೆಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ತೆಗೆದುಬಿಡಿ.

ಮುಖವನ್ನೇ ಕದಿಯುವುದೂ ಈಗ ಸುಲಭ. 2023ರ ನವೆಂಬರಿನಲ್ಲಿ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಜೋಡಿಸಿ ಹರಿಬಿಟ್ಟರು. ಹೆಸರಾಂತ ನಟಿಯ ಪರವಾಗಿ ದೇಶವೇ ಮಾತಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಒಬ್ಬನನ್ನು ಬಂಧಿಸಿದರು. ಹಳ್ಳಿಯ ಹುಡುಗಿಗೆ ಹೀಗಾದರೆ ಅವಳ ಪರ ಮೊದಲು ನಿಲ್ಲಬೇಕಾದವರು ಮನೆಯವರು.

ಕಾನೂನಿನ ಬಲ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ತೆಗೆದರೆ ಅಥವಾ ಹಂಚಿದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಫೋಟೊ ಹಿಡಿದು ಯಾರಾದರೂ ಬೆದರಿಸಿದರೆ

ಹಣ ಕೊಡಬೇಡಿ, ಕೊಟ್ಟಷ್ಟೂ ಮತ್ತೆ ಕೇಳುತ್ತಾರೆ. ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಹಿಳೆಯರ, ಮಕ್ಕಳ ಮೇಲಿನ ಇಂಥ ಅಪರಾಧಗಳ ಬಗ್ಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಹೀಗಾಯಿತೆಂದು ಹುಡುಗಿಯ ಕೈಯಿಂದ ಮೊಬೈಲ್ ಕಸಿದುಕೊಂಡರೆ ಮುಂದಿನ ಸಲ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಬೇಕಾದದ್ದೂ ಅದೇ. ಅವಳು ಹೇಳಿದ್ದನ್ನು ಬೈಯದೆ ಕೇಳಿ, ಠಾಣೆಗೆ ಜೊತೆಯಲ್ಲಿ ಹೋಗಿ. ಬೇರೆಯವರ ಫೋಟೊ ಗ್ರೂಪಿಗೆ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ, ಬೇಡವೆಂದರೆ ಹಾಕಬೇಡಿ.