ಹಳೆಯ ಲಿಥಿಯಂ ಬ್ಯಾಟರಿ ಇನ್ನೂ ಬಾಳುವುದೇ?

ಕಿರಂಗೂರಿನ ಸುತ್ತಮುತ್ತ ಕಬ್ಬು, ಭತ್ತ ಬೆಳೆಯುವ ರೈತ ಬಾಂಧವರು ಕರೆಂಟು ಹೋದಾಗ ದೀಪಕ್ಕೆಂದು, ಸಿಂಪರಣಾ ಯಂತ್ರಕ್ಕೆಂದು ಲಿಥಿಯಂ ಬ್ಯಾಟರಿ ಬಳಸುವುದುಂಟು. ಮೀಟರು 13 ವೋಲ್ಟ್ ತೋರಿಸಿತೆಂದು ಹಳೆಯ ಬ್ಯಾಟರಿಯನ್ನು ನಂಬಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜು ಬಹುಪಾಲು ಖಾಲಿಯಾಗುವವರೆಗೂ ಹೆಚ್ಚು ಇಳಿಯದೆ, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಕೊಳಗ ತುಂಬಿದ್ದರೆ ಸಾಲದು. ಕೊಳಗವೇ ಕುಗ್ಗಿದೆಯೇ ಎಂದು ನೋಡಬೇಕು.

ಪರೀಕ್ಷಿಸುವ ಕ್ರಮ:

1. ಮೊದಲು ಹೊರಮೈ ನೋಡಿ. ಉಬ್ಬಿದ್ದರೆ, ಬಿರಿದಿದ್ದರೆ, ಸೋರುತ್ತಿದ್ದರೆ ಚಾರ್ಜು ಮಾಡಲೇಕೂಡದು. ಬಿಚ್ಚಲೂಬಾರದು, ಬೆಂಕಿಯ ಅಪಾಯವಿದೆ.

2. ಅದಕ್ಕೆಂದೇ ಇರುವ ಚಾರ್ಜರಿನಿಂದ ಪೂರ್ತಿ ಚಾರ್ಜು ಮಾಡಿ, ಒಂದೆರಡು ಗಂಟೆ ಹಾಗೆಯೇ ಬಿಡಿ.

3. 12 ವೋಲ್ಟಿನ, 10 ವ್ಯಾಟಿನ ಡಿ.ಸಿ. ಬಲ್ಬು ಜೋಡಿಸಿ. ಬ್ಯಾಟರಿ ತಾನೇ ನಿಲ್ಲುವವರೆಗೆ, ಇಲ್ಲವೇ 10 ವೋಲ್ಟಿಗೆ ಇಳಿಯುವವರೆಗೆ ಎಷ್ಟು ಗಂಟೆ ಉರಿಯಿತೆಂದು ಬರೆದಿಡಿ.

ಲೆಕ್ಕ ಸುಲಭ. ಬ್ಯಾಟರಿಯ ಮೇಲೆ 12.8 ವೋಲ್ಟ್, 12 ಆಂಪಿಯರ್-ಅವರ್ ಎಂದಿದ್ದರೆ ಇವೆರಡನ್ನೂ ಗುಣಿಸಿ: ಸುಮಾರು 153 ವ್ಯಾಟ್-ಗಂಟೆ. ಹೊಸದಾಗಿದ್ದಾಗ ಈ ಬಲ್ಬು ಸುಮಾರು 15 ಗಂಟೆ ಉರಿಯಬೇಕು. ಈಗ 12 ಗಂಟೆ ಉರಿದರೆ ನೂರಕ್ಕೆ 80 ಭಾಗ ಶಕ್ತಿ ಉಳಿದಿದೆ, ಧಾರಾಳವಾಗಿ ಬಳಸಿ. 9 ಗಂಟೆಗೇ ಆರಿದರೆ ಉಳಿದಿರುವುದು 60 ಭಾಗ; ಮನೆಯ ದೀಪಕ್ಕೆ ಸಾಕು, ಆದರೆ ಸಿಂಪರಣೆ ಗದ್ದೆಯ ನಡುವೆ ನಿಂತೀತು. ಹೊಸದರ ಬೆಲೆಗೆ ಹೋಲಿಸಿ ಚೌಕಾಸಿ ಮಾಡಲೂ ಇದೇ ಲೆಕ್ಕ ಸಾಕು.

ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ, ನಾಲೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ ವಿಚಾರಿಸಿ.