ಮನೆಯಲ್ಲೇ ಕಟ್ಟಿದ ಸಿಎನ್‌ಸಿ ರೂಟರ್: ಕೇಳಿದ ಮಾತು, ಅಳೆದ ಸತ್ಯ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹೊಸ ಮನೆ ಕಟ್ಟಿಸುವವರು ತಲಬಾಗಿಲಿಗೆ ಕೆತ್ತನೆ ಬೇಕು ಅನ್ನುತ್ತಾರೆ. ಸಾಗವಾನಿ ಹಲಗೆಯ ಮೇಲೆ ಗಜಲಕ್ಷ್ಮಿ, ದೇವರ ಮನೆಗೆ ಜಾಲಿ, ಗೇಟಿನ ಪಕ್ಕಕ್ಕೆ ಹೆಸರಿನ ಫಲಕ. ಕಂಪ್ಯೂಟರಿನ ಆದೇಶದಂತೆ ಈ ಕೆಲಸ ಮಾಡುವ ದೊಡ್ಡ ಸಿಎನ್‌ಸಿ ರೂಟರ್ ಕೊಳ್ಳಲು ಲಕ್ಷಗಟ್ಟಲೆ ಹಣ ಬೇಕು. ಹಾಗಾಗಿ ಹುಬ್ಬಳ್ಳಿಯಿಂದ ಕಬ್ಬಿಣ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಮೋಟರು-ಡ್ರೈವರು ತರಿಸಿ ತಾವೇ ಯಂತ್ರ ಕಟ್ಟಿಕೊಳ್ಳುವ ಆಸೆ ಬಡಿಗತನದ ಮನೆಯ ಹುಡುಗರಿಗೆ ಹುಟ್ಟುತ್ತದೆ. ಈ ಆಸೆಗೆ ನನ್ನ ಪೂರ್ತಿ ಬೆಂಬಲವಿದೆ. ಯಂತ್ರ ಕಟ್ಟುವುದು ಅಂಥ ಕಷ್ಟವೂ ಅಲ್ಲ. ಕಟ್ಟಿದ ಮೇಲೆ ತಪ್ಪು ಹುಡುಕುವಾಗ ಕೇಳಿದವರ ಮಾತೆಲ್ಲ ನಂಬಿ, ಒಂದು ಬಿಟ್ಟು ಇನ್ನೊಂದು ಬದಲಿಸುತ್ತ ಹೋಗುವುದರಿಂದಲೇ ಹಣವೂ ಹೋಗುತ್ತದೆ, ಉಮೇದೂ ಹೋಗುತ್ತದೆ.

“ಇಂಜಿನಿಯರ್ ಇಲ್ದ ಇದು ಆಗೂ ಕೆಲಸ ಅಲ್ಲ” ಎನ್ನುವುದು ಮೊದಲ ತಪ್ಪು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳ ಆದೇಶದಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮೊದಲ ಸಲ ತೋರಿಸಿದಾಗ ಅದರ ನಿಯಂತ್ರಕದಲ್ಲಿ ನಿರ್ವಾತ ಕೊಳವೆಗಳಿದ್ದವು, ಆದೇಶಗಳನ್ನು ತೂತು ಕೊರೆದ ಪಟ್ಟಿಯಿಂದ ಓದಿಸುತ್ತಿದ್ದರು. ಆಗ ಅದು ನಿಜಕ್ಕೂ ಇಂಜಿನಿಯರುಗಳ ಕೆಲಸವೇ ಆಗಿತ್ತು. ಈಗ ಅಂಗೈಯಗಲದ ಆರ್ಡುಯಿನೋ ಊನೋ ಬೋರ್ಡು ಸಾಕು. ಅದರ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದರು. ಅದಕ್ಕೆ ಕಾಸು ಕೊಡಬೇಕಿಲ್ಲ. ಕಲಿಯಬೇಕಾದ ಆದೇಶಗಳೂ ಕೆಲವೇ: ಜಿ0 ಎಂದರೆ ಕಡಿಯದೆ ಬೇಗ ಸರಿ, ಜಿ1 ಎಂದರೆ ನೇರ ಕಡಿ, ಜಿ2 ಮತ್ತು ಜಿ3 ಎಂದರೆ ಬಾಗಿ ಕಡಿ. ಜಿ21 ಮಿಲಿಮೀಟರು, ಜಿ20 ಇಂಚು. ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಅಳತೆ 25.4 ಪಟ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಕೆತ್ತನೆ ಕಾಳಿನಷ್ಟು ಸಣ್ಣದಾಗಿ ಬಂದರೆ ಬೋರ್ಡನ್ನು ಬೈಯುವ ಮೊದಲು ಫೈಲಿನ ಮೇಲಿನ ಸಾಲುಗಳನ್ನು ಓದಿ. ಇಂಜಿನಿಯರ್ ಬೇಕೆನ್ನುವವರಿಗೆ ಇನ್ನೊಂದು ಮಾತು: ತಿರುಗುವ ಯಂತ್ರ ಈ ಸೀಮೆಗೆ ಹೊಸದಲ್ಲ. ಲಕ್ಕುಂಡಿಯ ಗುಡಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳಿವೆ. ಬಳಪದ ಕಲ್ಲನ್ನು ತಿರುಗಿಸಿ, ಉಳಿಗೆ ಕೊಟ್ಟು ತೆಗೆದ ಆ ದುಂಡು ಇಂದಿಗೂ ನುಣುಪಾಗಿದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಮಾತು ಇದು: “ಅಳತಿ ತಪ್ಪಿದ್ರ ಸ್ಟೆಪ್ ಬದಲ್ ಮಾಡು, ಸರಿ ಆಕ್ಕೈತಿ.” ಸ್ಟೆಪ್ ಎಂದರೆ ಒಂದು ಮಿಲಿಮೀಟರು ಸಾಗಲು ಮೋಟರು ಹಾಕುವ ಹೆಜ್ಜೆಗಳ ಎಣಿಕೆ. ಆ ಸಂಖ್ಯೆ ಲೆಕ್ಕದಿಂದ ಬರುವುದು, ಅಂದಾಜಿನಿಂದಲ್ಲ. ಸಾಮಾನ್ಯ ಸ್ಟೆಪರ್ ಮೋಟರು ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರು ಒಂದೊಂದು ಹೆಜ್ಜೆಯನ್ನು 16 ತುಂಡು ಮಾಡಿದರೆ 3,200. ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಟಿ8 ಸ್ಕ್ರೂ ಇದ್ದರೆ ಮಿಲಿಮೀಟರಿಗೆ 400, 5 ಮಿ.ಮೀ. ಸಾಗುವ ಬಾಲ್ ಸ್ಕ್ರೂ ಇದ್ದರೆ 640. ಜಿಆರ್‌ಬಿಎಲ್‌ನಲ್ಲಿ $100, $101, $102 ಎಂಬ ಸಾಲುಗಳಲ್ಲಿ ಎಕ್ಸ್, ವೈ, ಝಡ್‌ಗೆ ಈ ಸಂಖ್ಯೆ ಬರೆಯಬೇಕು. ಮೊದಲಿಂದ ಅಲ್ಲಿರುವ 250 ನಿಮ್ಮ ಯಂತ್ರದ ಸಂಖ್ಯೆಯಲ್ಲ.

ಸಂಖ್ಯೆ ಸರಿಯಿದ್ದೂ 50 ಮಿ.ಮೀ. ಚೌಕ 49.8 ಬಂತು ಅಂದುಕೊಳ್ಳಿ. ಕೂಡಲೇ 400 ಅನ್ನು 401.6 ಮಾಡಲು ಕೈ ಓಡುತ್ತದೆ. ತಡೆಯಿರಿ. ಇನ್ನೊಂದು ಚೌಕ, 200 ಮಿ.ಮೀ.ನದು ಕಡಿಯಿರಿ. ಅದು 199.2 ಬಂದರೆ ತಪ್ಪು ಉದ್ದದ ಜೊತೆ ಬೆಳೆಯುತ್ತಿದೆ, ಸ್ಟೆಪ್ ಲೆಕ್ಕವನ್ನು ಮತ್ತೆ ನೋಡಬೇಕು. 199.8 ಬಂದರೆ ತಪ್ಪು ಎಲ್ಲ ಅಳತೆಯಲ್ಲೂ ಅಷ್ಟೇ ಇದೆ, ಸ್ಟೆಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಮರ ಕಡಿಯುವ ಬಿಟ್ಟಿನ ನಿಜವಾದ ದಪ್ಪ ಅಳೆಯಿರಿ. 6 ಎಂದು ಮಾರಿದ್ದು ಸರಿಯಾಗಿ 6 ಇಲ್ಲದಿರಬಹುದು, ಬಿಟ್ಟನ್ನು ಹಿಡಿಯುವ ಕಾಲೆಟ್ಟಿನಲ್ಲಿ ದೂಳು ಕೂತು ಓಲಾಡುತ್ತಿರಬಹುದು. ಇಲ್ಲವೇ ಸ್ಕ್ರೂ ಮತ್ತು ನಟ್ಟಿನ ನಡುವೆ ಸಡಿಲವಿದೆ. ಆ ಸಡಿಲ ಹಿಡಿಯಲು ಒಂದು ಡಯಲ್ ಗೇಜ್ ಸಾಕು. ಬಿಟ್ಟನ್ನು ಹೊತ್ತು ಓಡುವ ಅಡ್ಡತೊಲೆಯನ್ನು (ಗ್ಯಾಂಟ್ರಿ) ಮೊದಲು ಸ್ವಲ್ಪ ಮುಂದೆ ಓಡಿಸಿ ನಿಲ್ಲಿಸಿ, ಅದರ ಪಕ್ಕೆಗೆ ಗೇಜಿನ ತುದಿ ತಾಗಿಸಿ 5 ಮಿ.ಮೀ. ಮುಂದೆ ಓಡಿಸಿ, ಅದೇ 5 ಮಿ.ಮೀ. ಹಿಂದೆ ತನ್ನಿ. ಮುಳ್ಳು ಹೊರಟ ಜಾಗಕ್ಕೆ ಮರಳದೆ 0.2ರಲ್ಲಿ ನಿಂತರೆ ಸಡಿಲ ಅಷ್ಟಿದೆ. ದುಂಡು ಕಡಿದಾಗ ನಾಲ್ಕು ಕಡೆ ಸಣ್ಣ ಮೆಟ್ಟಿಲು ಮೂಡುವುದೂ ಇದರದೇ ಗುರುತು. ಮೂಲ ಜಿಆರ್‌ಬಿಎಲ್‌ಗೆ ಈ ಸಡಿಲವನ್ನು ಸರಿದೂಗಿಸುವ ಸೌಲಭ್ಯವಿಲ್ಲ. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿ, ಸ್ಕ್ರೂ ತುದಿಯ ಬೇರಿಂಗನ್ನು ಬಿಗಿದರೆ ಮಾತ್ರ ಹೋಗುತ್ತದೆ.

ಮೋಟರಿನ ಚೀಟಿಯ ಮೇಲೆ 2.8 ವೋಲ್ಟ್ ಎಂದಿದೆ, 24 ವೋಲ್ಟ್ ಕೊಟ್ಟರೆ ಸುಡುತ್ತದೆ ಎಂದು ಹೆದರಿ 12ಕ್ಕೇ ನಿಲ್ಲಿಸುವವರು ಇದ್ದಾರೆ. ಎ4988ನಂಥ ಡ್ರೈವರು ಒಳಗೆ ಹರಿಯುವ ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸುತ್ತ ನಿಗದಿಗೆ ಹಿಡಿದಿಡುತ್ತದೆ, ಹಾಗಾಗಿ ಮೋಟರನ್ನು ಕಾಯುವುದು ಕರೆಂಟಿನ ಮಿತಿಯೇ. ವೋಲ್ಟೇಜು ಹೆಚ್ಚಿದ್ದಷ್ಟೂ ಸುರುಳಿಯಲ್ಲಿ ಕರೆಂಟು ಬೇಗ ಏರಿ, ವೇಗದಲ್ಲೂ ಬಲ ಉಳಿಯುತ್ತದೆ. ಕರೆಂಟನ್ನು ಮಾತ್ರ ಕಣ್ಣಿಟ್ಟು ಹೊಂದಿಸಬೇಕು. ಡ್ರೈವರಿನ ಮೇಲೆ ಎಳ್ಳಿನ ಗಾತ್ರದ ಕಪ್ಪು ರೆಸಿಸ್ಟರುಗಳಿವೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಆರ್100 ಎಂದಿದ್ದರೆ 1 ಆಂಪಿಯರಿಗೆ ಡ್ರೈವರಿನ ತಿರುಪಿನಲ್ಲಿ 0.8 ವೋಲ್ಟ್ ರೆಫರೆನ್ಸ್ ಇಡಬೇಕು, ಆರ್050 ಎಂದಿದ್ದರೆ 0.4. ಇದನ್ನು ನೋಡದೆ ಇನ್ನೊಬ್ಬರ ಸಂಖ್ಯೆ ಇಟ್ಟರೆ ದುಪ್ಪಟ್ಟು ಕರೆಂಟು ಹೋಗಬಹುದು. ಕೈಯಿಟ್ಟರೆ ಸುಡುವಷ್ಟು ಬಿಸಿಯಾದ ಮೋಟರು ಕೆಟ್ಟಿದೆ ಎಂದೇನಲ್ಲ, ಕ್ಲಾಸ್ ಬಿ ನಿರೋಧಕದ ಸುರುಳಿ 130 ಡಿಗ್ರಿ ತಾಳುತ್ತದೆ. ಬಿಸಿಗೆ ಸೋಲುವುದು ಡ್ರೈವರು. ಅದು ಕಾದು ತಾನೇ ಕ್ಷಣಕಾಲ ನಿಲ್ಲುತ್ತದೆ, ಅಷ್ಟರಲ್ಲಿ ಹೆಜ್ಜೆ ತಪ್ಪಿ ಕೆತ್ತನೆ ಪಕ್ಕಕ್ಕೆ ಜರುಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಡ್ರೈವರಿಗೆ ಫ್ಯಾನ್ ಇಡಲೇಬೇಕು. ಕರೆಂಟು ಇರುವಾಗ ಮೋಟರಿನ ವೈರು ಕಿತ್ತರೆ ಡ್ರೈವರು ಅಲ್ಲಿಗೇ ಮುಗಿಯಬಹುದು.

ಮೈಕ್ರೋಸ್ಟೆಪ್, ಅಂದರೆ ಹೆಜ್ಜೆಯ ತುಂಡುಗಳನ್ನು ಹೆಚ್ಚಿಸಿದರೆ ನಿಖರತೆ ಹೆಚ್ಚುತ್ತದೆ ಎಂಬುದೂ ಅರ್ಧ ಸತ್ಯವೇ. ಓಟ ನುಣುಪಾಗುತ್ತದೆ, ಸದ್ದು ಇಳಿಯುತ್ತದೆ. ಆದರೆ 16ನೇ ಒಂದು ಹೆಜ್ಜೆಯನ್ನು ಸರಿಸುವ ಬಲ ಪೂರ್ಣ ಹಿಡಿತದ ಸುಮಾರು ಹತ್ತನೇ ಒಂದು ಭಾಗ, 32ಕ್ಕೆ ಹೋದರೆ ಅದರಲ್ಲೂ ಅರ್ಧ. ಊನೋ ಬೋರ್ಡಿನಿಂದ ಸೆಕೆಂಡಿಗೆ ಸುಮಾರು 30,000 ಹೆಜ್ಜೆಗಿಂತ ಹೆಚ್ಚು ಹೊರಡುವುದಿಲ್ಲ, ಹಾಗಾಗಿ ವೇಗವೂ ಕುಗ್ಗುತ್ತದೆ.

ಫ್ರೇಮಿನ ವಿಷಯದಲ್ಲಿ “ಭಾರ ಇದ್ರ ಗಟ್ಟಿ” ಎನ್ನುತ್ತಾರೆ. ಭಾರದ ಕಬ್ಬಿಣವನ್ನೂ ತೆಳು ಉದ್ದ ಸರಳಿನ ಮೇಲೆ ಓಡಿಸಿದರೆ ಬಾಗುತ್ತದೆ. ಸರಳಿನ ಗಟ್ಟಿತನ ಅದರ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ: 12 ಮಿ.ಮೀ. ಬದಲು 16 ಹಾಕಿದರೆ ಮೂರು ಪಟ್ಟಿಗಿಂತ ಹೆಚ್ಚು. ಉದ್ದ ಇಮ್ಮಡಿಸಿದರೆ ಬಾಗು ಎಂಟು ಪಟ್ಟು. ಎರಡು ಅಡಿ ದಾಟುವ ಯಂತ್ರಕ್ಕೆ ಅಡಿಯಲ್ಲಿ ಆಸರೆಯಿರುವ ರೇಲು ಹಾಕುವುದೇ ಮೇಲು. ವೆಲ್ಡಿಂಗ್ ಆರಿದಾಗ ಪೈಪು ಎಳೆದುಕೊಳ್ಳುತ್ತದೆ, ಆದ್ದರಿಂದ ರೇಲು ಕೂರುವ ಜಾಗವನ್ನು ವೆಲ್ಡ್ ಆದ ಮೇಲೆ ಸಮ ಮಾಡಬೇಕು. ಮೂಲೆಮಟ್ಟ ನೋಡಲು 600ಕ್ಕೆ 800ರ ಆಯತ ಕಡಿಯಿರಿ, ಎರಡೂ ಕರ್ಣ 1,000 ಬರಬೇಕು. ಒಂದು ಕರ್ಣ ಇನ್ನೊಂದಕ್ಕಿಂತ 1.2 ಮಿ.ಮೀ. ಹೆಚ್ಚಿದ್ದರೆ 800ರ ಉದ್ದಕ್ಕೆ ಗ್ಯಾಂಟ್ರಿ ಒಂದು ಮಿಲಿಮೀಟರು ವಾಲಿದೆ.

ಮರ ಕರಕಲಾದರೆ “ಸಾವಕಾಶ ಓಡ್ಸು” ಎಂಬ ಸಲಹೆ ಬರುತ್ತದೆ. ಸುಡುವುದು ಸಾವಕಾಶ ಓಡಿಸಿದ್ದರಿಂದಲೇ. ನಿಮಿಷಕ್ಕೆ 18,000 ಸುತ್ತು ತಿರುಗುವ ಎರಡು ಅಲಗಿನ ಬಿಟ್ಟು ನಿಮಿಷಕ್ಕೆ 600 ಮಿ.ಮೀ. ಸಾಗಿದರೆ ಪ್ರತಿ ಅಲಗಿಗೆ ಸಿಗುವುದು 0.017 ಮಿ.ಮೀ. ಅಷ್ಟು ತೆಳುವನ್ನು ಅಲಗು ಕಡಿಯದು, ಉಜ್ಜುತ್ತದೆ, ಉಜ್ಜಿದ್ದು ಕಾಯುತ್ತದೆ. ಆಳ ಕಡಿಮೆ ಮಾಡಿ, ಓಟ ಹೆಚ್ಚಿಸಿ, ಬಿಟ್ಟು ತಿರುಗಿಸುವ ಸ್ಪಿಂಡಲಿನ ಸುತ್ತು ಇಳಿಸಿ. ಹೊಟ್ಟು ಹಿಟ್ಟಿನಂತೆ ಬಂದರೆ ಇನ್ನೂ ಉಜ್ಜುತ್ತಿದೆ ಎಂದೇ ತಿಳಿಯಬೇಕು.

ಸ್ಪಿಂಡಲ್ ಶುರುವಾದೊಡನೆ ಯಂತ್ರ ನಿಂತು, ಪರದೆಯ ಮೇಲೆ ಹಾರ್ಡ್ ಲಿಮಿಟ್ ಅಲಾರಂ ಬಂದರೆ ಬೋರ್ಡು ಡುಪ್ಲಿಕೇಟ್ ಎಂದು ಎಸೆಯಬೇಡಿ. ಸ್ಪಿಂಡಲಿನ ವೇಗ ನಿಯಂತ್ರಿಸುವ ವಿಎಫ್‌ಡಿ ಹೊರಸೂಸುವ ವಿದ್ಯುತ್ ಗದ್ದಲವನ್ನು ಲಿಮಿಟ್ ಸ್ವಿಚ್ಚಿನ ಉದ್ದ ವೈರು ಹೀರಿಕೊಳ್ಳುತ್ತದೆ. ಆ ವೈರನ್ನು ಸ್ಪಿಂಡಲಿನ ಕೇಬಲಿನಿಂದ ದೂರ ಎಳೆಯಿರಿ, ಶೀಲ್ಡ್ ಇರುವ ಕೇಬಲ್ ಹಾಕಿ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ, ಬೋರ್ಡಿನ ಬದಿಯಲ್ಲಿ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇಡಿ. ಅರ್ತಿನ ವಿಷಯದಲ್ಲಿ ನಮ್ಮ ಎರೆಭೂಮಿಯ ಗುಣವೂ ಸೇರುತ್ತದೆ. ಹಸಿ ಇರುವಾಗ ಎರೆಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದಾಗ ಅರ್ತ್ ಸರಳಿನ ಸುತ್ತ ಮಣ್ಣು ಬಿಟ್ಟು ನಿಲ್ಲುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಯಂತ್ರ ಮಾರ್ಚಿನಲ್ಲಿ ಅಲಾರಂ ಕೊಡತೊಡಗಿದರೆ ಮೊದಲು ಅರ್ತ್ ಗುಂಡಿಗೆ ನೀರು ಹಾಕಿ, ಆಮೇಲೆ ಎಲೆಕ್ಟ್ರಿಷಿಯನ್‌ರಿಂದ ಅಳೆಸಿ. ಜೀವದ ದೃಷ್ಟಿಯಿಂದಲೂ ಒಳ್ಳೆಯ ಅರ್ತ್ ಬೇಕೇ ಬೇಕು.

ಜೀವದ ಮಾತು ಬಂದಿದ್ದಕ್ಕೆ ಇನ್ನೆರಡು. ಪರದೆಯ ಮೇಲೆ ಪಾಜ್ ಒತ್ತಿದರೆ ಎಲ್ಲ ನಿಲ್ಲುತ್ತದೆ ಎಂದು ನಂಬಬೇಡಿ. ಓಟ ನಿಲ್ಲುತ್ತದೆ, ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ಕೆಂಪು ಗುಂಡಿಯೊಂದನ್ನು ಕೈಗೆಟಕುವಲ್ಲಿ ಹಾಕಿ, ಅದು ಸ್ಪಿಂಡಲಿನ ವಿದ್ಯುತ್ತನ್ನೇ ಕಡಿಯಬೇಕು. ಬಾಯಿಗೆ ಟವೆಲ್ ಸುತ್ತಿದರೆ ದೂಳು ತಡೆಯುತ್ತದೆ ಎಂಬುದೂ ಸುಳ್ಳು. ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬಿಟ್ಟಿನ ಬುಡದಲ್ಲೇ ಎಳೆಯುವ ವ್ಯಾಕ್ಯೂಮು, ಮೂಗಿಗೆ ಎನ್95 ಮಾಸ್ಕು ಎರಡೂ ಇರಲಿ.

ಒಮ್ಮೆ ಮಟ್ಟ ಮಾಡಿದ ಯಂತ್ರ ಹಾಗೇ ಇರುತ್ತದೆ ಎಂಬ ನಂಬಿಕೆಯೂ ಎರೆಭೂಮಿಯಲ್ಲಿ ನಿಲ್ಲದು. ಮಳೆ ಹಿಡಿದಾಗ ನೆಲ ಉಬ್ಬುತ್ತದೆ, ಬಿಸಿಲಿಗೆ ಇಳಿಯುತ್ತದೆ, ಜೊತೆಗೆ ಯಂತ್ರದ ಒಂದು ಕಾಲು ಏರಿಳಿದು ಹಾಸು ತಿರುಚಿಕೊಳ್ಳುತ್ತದೆ. ಕಾಲುಗಳಿಗೆ ತಿರುಗಿಸಿ ಏರಿಸುವ ಬೋಲ್ಟ್ ಹಾಕಿಡಿ. ಮುಂಗಾರು ಹಿಡಿದ ಮೇಲೊಮ್ಮೆ, ಸಂಕ್ರಾಂತಿಯ ನಂತರವೊಮ್ಮೆ ಮಟ್ಟಗೋಲಿಟ್ಟು ಕಾಲು ಸರಿಮಾಡಿ, ಕರ್ಣ ಅಳೆದು, ಹಾಸಿನ ಮೇಲಿನ ಎಂಡಿಎಫ್ ಹಲಗೆಯನ್ನು ಅದೇ ಯಂತ್ರದಿಂದ ಅರ್ಧ ಮಿಲಿಮೀಟರು ಸವರಿ ಸಮ ಮಾಡಿಕೊಳ್ಳಿ.