ಕಾರ್ಪೊರೇಟರ್ ಇಲ್ಲದ ವಾರ್ಡು

ನಲ್ಲಿಯಲ್ಲಿ ಎರಡು ದಿನ ನೀರು ಬಾರದಿದ್ದರೆ, ಬೀದಿದೀಪ ಕೆಟ್ಟರೆ, ಮಳೆಗೆ ತೋಡು ಉಕ್ಕಿ ಅಂಗಳಕ್ಕೆ ನುಗ್ಗಿದರೆ ಮಂಗಳೂರಿನ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು 'ಕಾರ್ಪೊರೇಟರಿಗೆ ಹೇಳಿ' ಎಂಬುದು. ರೇಷನ್ ಕಾರ್ಡು ಬೇಕಾದವರೂ, ವಿಧವಾ ವೇತನ ನಿಂತುಹೋದವರೂ ಅವರ ಮನೆ ಬಾಗಿಲಿಗೇ ಹೋಗುತ್ತಾರೆ. ಭಜನಾ ಮಂದಿರದ ವಾರ್ಷಿಕೋತ್ಸವವಿರಲಿ, ಯುವಕ ಮಂಡಲದ ಮೊಸರು ಕುಡಿಕೆಯಿರಲಿ, ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಇಷ್ಟೆಲ್ಲ ಭಾರ ಹೊರುವ ಈ ವ್ಯಕ್ತಿಗೆ ಕಾನೂನು ಕೊಟ್ಟಿರುವ ಅಧಿಕಾರವಾದರೂ ಏನು? ಅವರೇ ಇಲ್ಲದ ಕಾಲದಲ್ಲಿ ವಾರ್ಡಿನ ಮಾತನ್ನು ಆಡುವವರು ಯಾರು?

ಕುಲಶೇಖರದ ಸಮೀಪದ ಶಕ್ತಿನಗರವನ್ನೇ ತೆಗೆದುಕೊಳ್ಳೋಣ. ಇದು ಪದವು ಭಾಗಕ್ಕೆ ಸೇರಿದ ಊರು. ತುಳುವಿನಲ್ಲಿ ಪದವು ಎಂದರೆ ಎತ್ತರದ ಬಯಲು. 2009ರಲ್ಲಿ ಆರಂಭವಾದ ವಿಶ್ವ ಕೊಂಕಣಿ ಕೇಂದ್ರ ಇಲ್ಲಿದೆ. ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣವೂ ಇಲ್ಲಿದೆ. ನಾಡಿನ ಕಲಾವಿದರು ಬಂದುಹೋಗುವ ಈ ಜಾಗಕ್ಕೂ ನೀರು ಬರಬೇಕು, ಕಸ ಹೋಗಬೇಕು, ರಸ್ತೆಯ ಹೊಂಡ ಮುಚ್ಚಬೇಕು. ಈ ಕೆಲಸಗಳ ಹಿಂದೆ ಹೆಚ್ಚು ಓಡಾಡಬೇಕಾದವರು ಕಾರ್ಪೊರೇಟರ್.

ತುಳುನಾಡಿನಲ್ಲಿ ಊರಿನ ಅಹವಾಲು ಹೇಳಿಕೊಳ್ಳಲು ಒಬ್ಬರು ಬೇಕೆಂಬುದು ಹೊಸ ಸಂಗತಿಯಲ್ಲ. ಹಿಂದೆ ಬೀಡು, ಗುತ್ತಿನ ಮನೆಗಳ ಯಜಮಾನರ ಮುಂದೆ ಊರ ತಕರಾರುಗಳು ತೀರ್ಮಾನವಾಗುತ್ತಿದ್ದವು. ಆ ಸ್ಥಾನ ಬಂದದ್ದು ಮನೆತನದಿಂದ. ಮದ್ರಾಸ್ ಸರಕಾರದ 1865ರ ಪಟ್ಟಣ ಸುಧಾರಣಾ ಕಾಯ್ದೆಯಡಿ 1866ರಲ್ಲಿ ಮಂಗಳೂರಿಗೆ ಪುರಸಭೆ ಬಂತು. ಸ್ವಾತಂತ್ರ್ಯದ ಬಳಿಕ ವಯಸ್ಕರೆಲ್ಲರಿಗೂ ಮತ ಸಿಕ್ಕಿತು. 1980ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ನಗರಾಡಳಿತಕ್ಕೆ ಐದು ವರ್ಷದ ಅವಧಿಯೂ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನವೂ ಖಾತ್ರಿಯಾದವು. ಹೀಗೆ ಜನರ ಅಹವಾಲು ಗುತ್ತಿನ ಚಾವಡಿಯಿಂದ ಲಾಲ್‌ಬಾಗಿನ ಪಾಲಿಕೆ ಸಭಾಂಗಣಕ್ಕೆ ಬಂತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗುತ್ತಿನ ಯಜಮಾನರನ್ನು ಜನ ಬದಲಾಯಿಸುವಂತಿರಲಿಲ್ಲ, ಕಾರ್ಪೊರೇಟರನ್ನು ಬದಲಾಯಿಸಬಹುದು.

ಇನ್ನು ಅಧಿಕಾರದ ಮಾತು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ಆಡಳಿತ ನಡೆಸುವ ಅಧಿಕಾರ ಆಯುಕ್ತರದ್ದು. ತೀರ್ಮಾನ ಕೈಗೊಳ್ಳುವುದು ಮೇಯರ್ ಅಧ್ಯಕ್ಷತೆಯ ಪರಿಷತ್ತು ಮತ್ತು ಸ್ಥಾಯಿ ಸಮಿತಿಗಳು. ಮಂಗಳೂರಿನ 60 ವಾರ್ಡುಗಳಿಂದ ಬಂದ ಸದಸ್ಯರಲ್ಲಿ ಕಾರ್ಪೊರೇಟರ್ ಒಬ್ಬರು, ಅಷ್ಟೆ. ಒಬ್ಬರೇ ನಿಂತು ಒಂದು ಚರಂಡಿಯನ್ನೂ ಮಂಜೂರು ಮಾಡಲಾರರು.

ಚರಂಡಿಯ ಉದಾಹರಣೆಯನ್ನೇ ನೋಡಿ. ಮೊದಲು ಎಂಜಿನಿಯರ್ ಸ್ಥಳ ನೋಡಬೇಕು, ಅಂದಾಜುಪಟ್ಟಿ ತಯಾರಾಗಬೇಕು, ಹಣ ಮಂಜೂರಾಗಬೇಕು, ಟೆಂಡರ್ ಆಗಬೇಕು, ಆಮೇಲೆ ಗುತ್ತಿಗೆದಾರ ಹಾರೆ ಹಿಡಿಸಬೇಕು. ಪ್ರತಿ ಮೇಜಿನಲ್ಲೂ ಕಡತ ಮಲಗಲು ಜಾಗವಿದೆ. ಅದನ್ನು ಎಬ್ಬಿಸುತ್ತಾ ಹೋಗುವುದೇ ಕಾರ್ಪೊರೇಟರ ನಿಜವಾದ ಕೆಲಸ. ಅದಕ್ಕಿರುವ ದೊಡ್ಡ ಆಯುಧವೆಂದರೆ ಪರಿಷತ್ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಹಕ್ಕು. ಕೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ.

ಜನ ಕೇಳುವ ಎಷ್ಟೋ ಕೆಲಸಗಳು ಪಾಲಿಕೆಯವೇ ಅಲ್ಲ. ಮನೆಯ ಕರೆಂಟು ಮೆಸ್ಕಾಂನದ್ದು, ರೇಷನ್ ಕಾರ್ಡು ಆಹಾರ ಇಲಾಖೆಯದ್ದು, ಪಹಣಿ ಕಂದಾಯ ಇಲಾಖೆಯದ್ದು. ಶಕ್ತಿನಗರದಲ್ಲಿ ವಸತಿರಹಿತರಿಗೆ ಬಹುಮಹಡಿ ಮನೆ ಕಟ್ಟುವ ಯೋಜನೆ ಹಾಕಿದಾಗ, ಆ ಜಾಗ ಪರಿಭಾವಿತ ಅರಣ್ಯವೆಂಬ ತೊಡಕು ಬಂದು ಕೆಲಸ ನಿಂತಿತು. ಇಂಥ ಗಂಟನ್ನು ಯಾವ ಕಾರ್ಪೊರೇಟರೂ ಒಬ್ಬರೇ ಬಿಚ್ಚಲಾರರು. ಆದರೆ ಯಾವ ಕಚೇರಿಗೆ ಹೋಗಬೇಕು, ಯಾವ ಅರ್ಜಿ ಹಾಕಬೇಕು ಎಂದು ತಿಳಿಸಿ ಜೊತೆಗೆ ಬರುವವರೊಬ್ಬರು ಇದ್ದಾರೆಂಬುದೇ ಬಡವರಿಗೆ ಧೈರ್ಯ. ಸಾವಿನ ಮನೆಗೂ ನೇಮದ ಚಪ್ಪರಕ್ಕೂ ಅವರು ತಪ್ಪದೆ ಹೋಗುವುದರಲ್ಲಿ ಮತದ ಲೆಕ್ಕಾಚಾರ ಇಲ್ಲವೆಂದಲ್ಲ. ಆದರೆ ವಾರ್ಡಿನ ಕಷ್ಟಸುಖ ಕಿವಿಗೆ ಬೀಳುವುದೂ ಅಲ್ಲಿಯೇ.

ಈ ಕೊಂಡಿ ಕಳಚಿದಾಗ ಏನಾಗುತ್ತದೆ? ಮಂಗಳೂರಿಗೆ ಅದರ ಅನುಭವವಿದೆ. 2013ರ ಮಾರ್ಚಿನಲ್ಲಿ ಚುನಾವಣೆ ನಡೆದರೂ ಮೇಯರ್ ಆಯ್ಕೆಯಾದದ್ದು 2014ರ ಮಾರ್ಚಿನಲ್ಲಿ. ಗೆದ್ದವರು ಒಂದು ವರ್ಷ ಅಧಿಕಾರವಿಲ್ಲದೆ ಕಾದರು. ಆ ಪರಿಷತ್ತಿನ ಅವಧಿ 2019ರ ಮಾರ್ಚಿಗೆ ಮುಗಿಯಿತು. ಮತ್ತೆ ಚುನಾವಣೆ ನಡೆದದ್ದು 2019ರ ನವೆಂಬರ್ 12ರಂದು, ಮೇಯರ್ ಆಯ್ಕೆ 2020ರ ಫೆಬ್ರವರಿ 28ರಂದು. ನಡುವಿನ ಸುಮಾರು ಒಂದು ವರ್ಷ ಆಡಳಿತಾಧಿಕಾರಿಯ ಕಾಲ.

ಅದೇ 2019ರ ಬೇಸಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಸರದಿ ಬಂದಾಗ ತಗ್ಗಿನ ಮನೆಗಳಿಗೆ ನೀರು ಬೇಗ ಹರಿಯುತ್ತದೆ. ಪದವಿನಂಥ ಎತ್ತರದ ಜಾಗಗಳಿಗೆ ಏರಲು ಒತ್ತಡ ಸಾಲದು. ಅದೇ ವರ್ಷ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟಗಳನ್ನು ಮುಚ್ಚಿತು, 27 ಕುಟುಂಬಗಳು ಮನೆ ಬಿಡಬೇಕಾಯಿತು. ಕಾರ್ಪೊರೇಟರ್ ಇದ್ದಿದ್ದರೆ ಗುಡ್ಡ ಜಾರುತ್ತಿರಲಿಲ್ಲ ಎಂದು ಹೇಳಲಾಗದು. ಅಲ್ಲಿ ಕಸ ರಾಶಿ ಬಿದ್ದದ್ದು ಚುನಾಯಿತ ಪರಿಷತ್ತುಗಳ ಕಾಲದಲ್ಲಿಯೂ. ಆದರೆ ಊರು ಇಂಥ ಸಂಕಟದಲ್ಲಿದ್ದಾಗ ಉತ್ತರ ಕೇಳಲು ಪರಿಷತ್ ಸಭೆಯೇ ಇರಲಿಲ್ಲ.

ಕಾರ್ಪೊರೇಟರ ಮೇಲೂ ಒಂದು ಕಣ್ಣಿರಲಿ ಎಂದು ಕಾನೂನು ವಾರ್ಡ್ ಸಮಿತಿಯನ್ನು ಸೃಷ್ಟಿಸಿದೆ. ಕಾರ್ಪೊರೇಟರೇ ಅಧ್ಯಕ್ಷರು, ಹತ್ತು ಮಂದಿ ಸದಸ್ಯರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸಂಘಸಂಸ್ಥೆಗಳಿಗೂ ಸ್ಥಾನವಿದೆ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿನ ಮೊರೆ ಹೋದ ಬಳಿಕವೇ ಈ ಸಮಿತಿಗಳು ರಚನೆಯಾದವು. ಅಧಿಕಾರ ಹಂಚಿಕೊಳ್ಳಲು ಯಾರಿಗೂ ಅವಸರವಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2020ರಲ್ಲಿ ಅಧಿಕಾರಕ್ಕೆ ಬಂದ ಪರಿಷತ್ತಿನ ಅವಧಿಯೂ 2025ರ ಫೆಬ್ರವರಿ ಕೊನೆಗೆ ಮುಗಿದು ಪಾಲಿಕೆ ಮತ್ತೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಹಾಗೆ ಆಗಲಿಲ್ಲ. ಆಡಳಿತಾಧಿಕಾರಿ ದಕ್ಷರಿರಬಹುದು, ನೀರೂ ಬರಬಹುದು, ಕಸವೂ ಹೋಗಬಹುದು. ಆದರೆ ಬಾರದ ದಿನ 'ಯಾಕೆ ಬರಲಿಲ್ಲ' ಎಂದು ಅವರನ್ನು ಸಭೆಯಲ್ಲಿ ಕೇಳುವವರಿಲ್ಲ, ಉತ್ತರ ಹಿಡಿಸದಿದ್ದರೆ ಮತ ಹಾಕಿ ಇಳಿಸುವವರೂ ಇಲ್ಲ. ಕಾರ್ಪೊರೇಟರನ್ನು ಬೈಯುವುದು ನಮಗೆಲ್ಲ ರೂಢಿ. ಬೈಯಲು ಒಬ್ಬರು ಇರುವುದೂ ನಾಗರಿಕರ ಹಕ್ಕೇ ಎಂಬುದು ಆ ಕುರ್ಚಿ ಖಾಲಿಯಾದಾಗ ತಿಳಿಯುತ್ತದೆ.